ಐದು ಮಹಡಿಯ ಸದ್ದು

ಆ ಹೋಟೆಲಿನಲ್ಲಿ ಎಲ್ಲರೂ ಅವನನ್ನು ಲಿಫ್ಟ್ ಮಾವ ಎಂದೇ ಕರೆಯುತ್ತಿದ್ದರು. ಲಿಫ್ಟು ಹಳೆಯ ಕಾಲದ್ದು, ಗುಂಡಿ ಒತ್ತುವಂಥದ್ದಲ್ಲ. ಹಿತ್ತಾಳೆಯ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಮೇಲೆ, ಹಿಂದಕ್ಕೆ ಎಳೆದರೆ ಕೆಳಗೆ. ನಿಲ್ಲಿಸುವಾಗ ಕೈ ಸ್ವಲ್ಪ ತಪ್ಪಿದರೂ ಲಿಫ್ಟಿನ ನೆಲ ಒಂದು ಗೇಣು ಮೇಲೋ ಕೆಳಗೋ ನಿಂತು, ಇಳಿಯುವವರು ಮುಗ್ಗರಿಸುವುದು ಖಂಡಿತ. ಮೂವತ್ತೊಂದು ವರ್ಷದಲ್ಲಿ ಮಾವನ ಕೈ ತಪ್ಪಿರಲಿಲ್ಲ.

ಆದರೆ ನಾಲ್ಕು ವರ್ಷದಿಂದ ಅವನ ಕಣ್ಣಿಗೆ ಬೆಳಕು, ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿ ಒಬ್ಬಳಿಗೇ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಅವರ ಸಂಸಾರ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತಿತ್ತು. ಹಾಗಾಗಿ ಮಾವ ಕಿವಿ ಮೂಗನ್ನೇ ಕಣ್ಣು ಮಾಡಿಕೊಂಡ. ಒಂದನೇ ಮಹಡಿಯಲ್ಲಿ ತಟ್ಟೆ ಲೋಟಗಳ ಸದ್ದು, ಎರಡರಲ್ಲಿ ಇಸ್ತ್ರಿಯ ಬಿಸಿ ವಾಸನೆ, ಮೂರರಲ್ಲಿ ತೊಟ್ಟಿಕ್ಕುವ ನಲ್ಲಿ, ನಾಲ್ಕರಲ್ಲಿ ಏನೂ ಇಲ್ಲ, ಆ ಏನೂ ಇಲ್ಲದಿರುವುದೇ ಗುರುತು. ಐದರಲ್ಲಿ ತಾರಸಿಯ ಗಾಳಿ.

ಒಮ್ಮೆ ದೂರದೇಶದ ಪ್ರವಾಸಿ ಹೆಂಗಸೊಬ್ಬಳು ಬಂದಿಳಿದಳು. ಕಂಡದ್ದಕ್ಕೆಲ್ಲ ನಗುವ ಸ್ವಭಾವ. ಅರ್ಧ ಮುಚ್ಚಿದ ಮಾವನ ಕಣ್ಣು ನೋಡಿ, "ನಿದ್ದೆ?" ಎಂದು ಕೇಳಿದಳು.

"ಈ ಕೆಲಸಕ್ಕೆ ಕಣ್ಣು ಯಾಕಮ್ಮ ಬೇಕು?" ಎಂದ ಮಾವ. ಸುಮ್ಮನಿರಬಹುದಿತ್ತು, ಜಂಬ ಬಿಡಲಿಲ್ಲ. ಕಣ್ಣು ಪೂರ್ತಿ ಮುಚ್ಚಿಕೊಂಡೇ ಅವಳನ್ನು ಐದನೇ ಮಹಡಿಗೆ ಒಯ್ದ. ಅವಳು ಚಪ್ಪಾಳೆ ತಟ್ಟಿ, ಫೋಟೋ ತೆಗೆದಳು. ಮಾವ ಮೀಸೆ ತೀಡಿಕೊಂಡು ನಿಂತಿದ್ದ.

ಎರಡು ತಿಂಗಳಿಗೆ ಅಂಚೆಯಲ್ಲಿ ಅವಳ ಲೇಖನವಿದ್ದ ಒಂದು ಪತ್ರಿಕೆ ಬಂತು. ಸ್ವಾಗತದ ಹುಡುಗಿ ಎಲ್ಲರನ್ನೂ ಸೇರಿಸಿ ಅರ್ಥ ಹೇಳಿದಳು: "ಇಲ್ಲಿ ದಾರಿ ಗೊತ್ತಿಲ್ಲ ಅನ್ನೋರೇ ಇಲ್ಲವಂತೆ. ಮೂವರು ಮೂರು ದಿಕ್ಕು ತೋರಿಸ್ತಾರೆ, ನಾಲ್ಕನೆಯವರು ಜೊತೆಗೇ ಬಂದು ಕಳೆದುಹೋಗ್ತಾರಂತೆ! ಅಂಗಡೀಲಿ ಕುರ್ಚಿ ಬೆಕ್ಕಿಗೆ, ಸ್ಟೂಲು ಗಿರಾಕಿಗೆ. ನಮ್ಮ ಮಾವ ನಿದ್ದೇಲೇ ಲಿಫ್ಟ್ ಓಡಿಸ್ತಾರಂತೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರಿಗಂತೂ ಹಿಗ್ಗೋ ಹಿಗ್ಗು. "ಇದನ್ನ ಕಟ್ಟು ಹಾಕಿಸಿ ಲಿಫ್ಟಿನ ಪಕ್ಕದಲ್ಲೇ ನೇತುಹಾಕ್ತೀನಿ. ತಗೊಳ್ಳಿ ಮಾವ, ನಿಮ್ಮ ಫೋಟೋ ನೋಡಿ!"

ಮಾವ ಪುಟವನ್ನು ದೂರ ಹಿಡಿದು, ತಲೆ ಓರೆ ಮಾಡಿದ.

"ಮೀಸೆ ಪರವಾಗಿಲ್ಲ. ಮುಖ ಯಾಕೋ ಸ್ವಲ್ಪ ಊದಿಕೊಂಡಿದೆ, ಅಲ್ವಾ?"

ಹುಡುಗಿ ತಮಾಷೆಯೆಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ಫೋಟೋದಲ್ಲಿ ಮುಖವೇ ಇರಲಿಲ್ಲ. ಹಿತ್ತಾಳೆಯ ಹಿಡಿಯ ಮೇಲೆ ಒಂದು ಬಲಗೈ, ಅಷ್ಟೇ.

ಮ್ಯಾನೇಜರ್ ಪುಟವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. "ಎಷ್ಟು ದಿನದಿಂದ, ಮಾವ?"

ಮಾವ ಮೀಸೆ ತೀಡಿಕೊಂಡ.

"ನನ್ನ ಮಗಳೂ ಈ ಲಿಫ್ಟಲ್ಲೇ ಓಡಾಡ್ತಾಳೆ," ಎಂದ ಮ್ಯಾನೇಜರ್.

"ಒಂದು ಸಲಾನಾದ್ರೂ ಎಡವಿದಾಳಾ, ಸಾರ್?"

ಎಡವಿರಲಿಲ್ಲ. ಆದರೂ ಮರುದಿನ ಲಿಫ್ಟಿಗೆ ಬೀಗ ಬಿತ್ತು. ತಿಂಗಳು ತುಂಬುವುದರೊಳಗೆ ಕೋಣೆಯೂ ಖಾಲಿಯಾಯಿತು.

ಗಲ್ಲಿಯ ಕೊನೆಯಲ್ಲಿ ಸಿಕ್ಕಿದ ಬಾಡಿಗೆ ಕೋಣೆಯಲ್ಲಿ ಮಾವನಿಗೆ ಗುರುತಿನ ಸದ್ದು ಒಂದೂ ಇರಲಿಲ್ಲ. ಹೆಂಡತಿ ಪೆಟ್ಟಿಗೆಯಿಂದ ಬಟ್ಟೆ ತೆಗೆಯುವಾಗ ಹೊರಡುವಾಗ ಸ್ವಾಗತದ ಹುಡುಗಿ ಕೊಟ್ಟಿದ್ದ ಆ ಪುಟವೂ ಕೈಗೆ ಬಂತು.

"ಫೋಟೋ ಹೇಗೆ ಬಂದಿದೆಯೇ?" ಎಂದು ಮಾವ ಕೇಳಿದ.

"ಉಗುರು ಕತ್ತರಿಸ್ಕೊಂಡು ನಿಲ್ಲಬಾರದಿತ್ತೇನ್ರೀ?" ಎಂದಳು.

ಮಾವ ನಗಲು ಹೋದ, ಆಗಲಿಲ್ಲ. ಎದ್ದು, ಅದೇ ಬಲಗೈಯಿಂದ ಗೋಡೆ ಸವರುತ್ತ ಬಾಗಿಲು ಹುಡುಕತೊಡಗಿದ. ಬಾಗಿಲು ಎಡಗಡೆ ಇತ್ತು.