ಸೋಸದ ನೀರು

ನೇಮಗೊಂಡ ಕಾಕಾ ಅವರ ಬಲಗಿಸೆಯಲ್ಲಿ ಸದಾ ಒಂದು ಬಿಳಿ ಅರಿವೆ ಇರುತ್ತಿತ್ತು. ಕರವಸ್ತ್ರವೆಂದು ತಿಳಿದು ಕೈ ಒರೆಸಿಕೊಳ್ಳಲು ಕೇಳಿದವರಿಗೆ ಒಂದು ಸಣ್ಣ ಪ್ರವಚನ ಖಾತ್ರಿ. ಎರಡು ಪದರ ಮಾಡಿ ಹೊಲಿದ ಆ ಅರಿವೆ ನೀರು ಸೋಸಲಿಕ್ಕೆ. ಕಾಕಾ ಜೈನರು, ಸೋಸದ ನೀರು ಬಾಯಿಗೆ ಹಾಕಿದವರಲ್ಲ. ಮನೆಯ ಕೊಡದ್ದಿರಲಿ, ಮದುವೆ ಮಂಟಪದ್ದಿರಲಿ, ಸಾಂಗ್ಲಿ ಬಸ್ ಸ್ಟ್ಯಾಂಡಿನ ನಳದ್ದಿರಲಿ, ಲೋಟದ ಬಾಯಿಗೆ ಅರಿವೆ ಹಾಸಿ, ನಡುವೆ ಬೆರಳಿನಿಂದ ಸಣ್ಣ ಗುಣಿ ಮಾಡಿ, ಅವಸರವಿಲ್ಲದೆ ಸುರಿಯುವರು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅರಿವೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ತಿರುಗಿ ಹೋಗಬೇಕು. ಬಾವಿಯ ನೀರಾದರೆ ಅರಿವೆಯನ್ನು ಮಗುಚಿ ತೊಳೆದು ಆ ನೀರನ್ನು ಅದೇ ಬಾವಿಗೆ ಇಳಿಸುವುದು ಅವರ ಮನೆತನದ ಪದ್ಧತಿ. ಆದರೆ ನಳದ ನೀರಿಗೆ ಏನು ಮಾಡುವುದು? ನಳಕ್ಕೆ ತಿರುಗಿ ನೀರು ತುಂಬಲಾಗುತ್ತದೆಯೇ? ಒದ್ದೆ ಅರಿವೆ ಹಿಡಿದು ಈ ಧರ್ಮಸಂಕಟದಲ್ಲಿ ನಿಂತ ಕಾಕಾ ಅವರ ಕಣ್ಣೆದುರಿಗೇ ಅವರೂರು ಬುಧಗಾಂವದ ಬಸ್ಸು ಹೊರಟುಹೋದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಪ್ರಯೋಗಶಾಲೆಯ ಎದುರಿನ ಚಹಾದಂಗಡಿಯವನು ದಿನಾ ಚೇಷ್ಟೆ ಮಾಡುತ್ತಿದ್ದ: "ಕಾಕಾ, ಚಹಾ ಪಣ ಗಾಳೂ ಕಾ?" ಚಹಾನೂ ಸೋಸಲೇ ಎಂದು. ಕಾಕಾ ಗಂಭೀರವಾಗಿ, "ನೀ ಹೆಂಗೂ ಸೋಸತೀಯಲ್ಲೋ. ನಿನ್ನ ಜಾಳಗೀ ಮ್ಯಾಲೆ ನನಗ ಭರೋಸಾ ಇಲ್ಲ, ಅಷ್ಟ," ಎಂದು ಅದರ ಮೇಲೂ ಅರಿವೆ ಹಾಸುತ್ತಿದ್ದರು.

ನಾವಿಬ್ಬರೂ ಸಾಂಗ್ಲಿಯ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ನೀರು ಪರೀಕ್ಷಿಸುವವರು. ಅವರು ಹಿರಿಯ ರಸಾಯನತಜ್ಞರು, ಅರವತ್ತರ ಹತ್ತಿರದವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಎರಡು ಮಕ್ಕಳ ತಾಯಿ, ದಿನಾ ಮಿರಜದಿಂದ ಓಡಾಡುತ್ತಿದ್ದೆ. ನಮ್ಮ ತಂದೆಯದು ಮಿರಜ ಪೇಟೆಯಲ್ಲಿ ಅರಿವೆಯಂಗಡಿ. ಕಾಕಾ ಅವರ ಸೋಸುವ ಅರಿವೆ ಅಲ್ಲಿಂದಲೇ ಬರುತ್ತಿತ್ತು. "ನಿಮ್ಮಪ್ಪನ ಅಂಗಡಿ ಅರಿವಿ ಭಾಳ ಘಟ್ಟಿ ನೋಡ ತಂಗಿ. ಒಂದ ಕಣಾ ದಾಟಂಗಿಲ್ಲ," ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಗೆ ನಾನು ಹಿಗ್ಗುತ್ತಿದ್ದೆ. ಮುಂದೆ ಏನಾಗಲಿದೆಯೆಂದು ಆಗ ಯಾರಿಗೆ ಗೊತ್ತಿತ್ತು!

ಅದು ದೇಶದ ಬಾಗಿಲು ವಿದೇಶಿ ವ್ಯಾಪಾರಕ್ಕೆ ತೆರೆದ ಹೊಸತು. ಸಾಂಗ್ಲಿ-ಮಿರಜಗಳ ನಡುವಿನ ಬಯಲೆಲ್ಲ ಶೆಡ್ಡುಗಳಾದವು. ಬಾಗಿಲ ಹಿಡಿಕೆ, ನಳದ ಮೂತಿ, ಮೋಟರ್‌ಸೈಕಲ್ಲಿನ ಬಿಡಿಭಾಗ, ಎಲ್ಲಕ್ಕೂ ಹೊಳಪು ಬೇಕಾಯಿತು. ಹೊಳಪಿನ ಕೆಳಗೆ ಮೊದಲು ತಾಮ್ರದ ಲೇಪ ಕೊಡುತ್ತಾರೆ, ಅದನ್ನು ತೊಳೆದ ನೀರು ನಾಲೆಗೆ, ನಾಲೆ ಕೃಷ್ಣೆಗೆ. ಊರಿಗೆ ನೌಕರಿ ಬಂತು, ಕೈಗೆ ಕಾಸು ಬಂತು, ನಾನೂ ಬಣ್ಣದ ಟಿವಿ ತಂದೆ. ಸುಳ್ಳೇಕೆ ಹೇಳಲಿ, ಆ ಹೊಳಪು ನಮಗೆಲ್ಲ ಇಷ್ಟವಾಗಿಯೇ ಇತ್ತು. ಒಂದು ದಿನ ನಾಲೆ ಕೂಡುವಲ್ಲಿ ಬಲೆ ಹಾಕುವ ಭೀಮಾ ಎಂಬ ಅಂಬಿಗ ಸತ್ತ ಮೀನಿನ ಬುಟ್ಟಿಯನ್ನು ತಂದು ಸೀದಾ ಕಾಕಾ ಅವರ ಮೇಜಿನ ಮೇಲೆ ಇಟ್ಟ. "ನೀರು ನೋಡಾವ್ರು ನೀವ ಅಲ್ಲೇನ್ರಿ? ಇವನ್ನ ನೋಡ್ರಿ. ಹಿಂಗ ಆದ್ರ ನಾ ಮಕ್ಕಳಿಗಿ ಏನ ಹಾಕ್ಲಿ?"

ಮೀನಿನ ವಾಸನೆಗೆ ಊರಾಚೆ ಓಡುವ ಕಾಕಾ ಅವತ್ತು ಕದಲಲಿಲ್ಲ. ಮೂಗಿಗೆ ಅದೇ ಅರಿವೆ ಹಿಡಿದುಕೊಂಡು ಒಂದೊಂದೇ ಮೀನನ್ನು ನೋಡಿದರು. ಆಮೇಲೆ ಎರಡು ಸಲ ಸ್ನಾನ ಮಾಡಿದರೂ ಅವರ ಹೆಂಡತಿ ಕಾಕೂ ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವಂತೆ.

ಇಂಥ ದೂರುಗಳು ಹೆಚ್ಚಾಗಿ ಒಂದು ಸರಕಾರಿ ಸಮಿತಿ ಕೂತಿತು. ನದಿಯ ಈ ಭಾಗದಲ್ಲಿ ತಾಮ್ರ ಎಷ್ಟಿದ್ದರೆ ನಡೆಯುತ್ತದೆ ಎಂಬುದಕ್ಕೆ ಒಂದು ಅಂಕಿ ಗೊತ್ತುಮಾಡುವುದು ಅದರ ಕೆಲಸ. ನಾವು ಎರಡು ವಿಷಯ ಹೇಳಬೇಕು: ಮೀನು ಎಷ್ಟು ತಾಮ್ರ ತಾಳುತ್ತದೆ, ಮತ್ತು ನದಿಯಲ್ಲಿ ಈಗ ಎಷ್ಟಿದೆ.

ಮೊದಲನೆಯದಕ್ಕೆ ಪುಸ್ತಕದಲ್ಲಿ ಸುಲಭ ದಾರಿಯಿತ್ತು. ಗಾಜಿನ ತೊಟ್ಟಿಗಳಲ್ಲಿ ಮೀನು ಬಿಟ್ಟು, ತಾಮ್ರ ಏರಿಸುತ್ತ ಹೋಗಿ, ಎಷ್ಟಕ್ಕೆ ಅರ್ಧದಷ್ಟು ಮೀನುಗಳು ಸಾಯುತ್ತವೆಂದು ನೋಡುವುದು. ಕಾಕಾ ಪುಸ್ತಕ ಮುಚ್ಚಿದರು. "ಅರ್ಧಾ ಸಾಯೂತನ ನೋಡ್ಕೋತ ಕುಂದ್ರಬೇಕೇನ? ನನ್ನ ಕೈಲೆ ಆಗೂದಿಲ್ಲ. ಮತ್ತ ಆ ಅಂಕಿ ತಗೊಂಡು ಏನ ಮಾಡ್ತೀರಿ? ಸಾಯೂ ಅಂಕಿ ಯಾರಿಗಿ ಬೇಕು? ಬದುಕೂ ಅಂಕಿ ಬೇಕು."

ಭೀಮಾ ತಂದುಕೊಟ್ಟ ಜೀವಂತ ಮೀನುಗಳನ್ನು ತೊಟ್ಟಿಗೆ ಬಿಟ್ಟು, ತಾಮ್ರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಎದುರು ಸ್ಟೂಲು ಹಾಕಿಕೊಂಡು ಕುಳಿತರು. ಕೈಗಡಿಯಾರ ನೋಡುತ್ತ, ಮೀನು ನಿಮಿಷಕ್ಕೆ ಎಷ್ಟು ಸಲ ಕಿವಿರು ತೆರೆಯುತ್ತದೆಂದು ಎಣಿಸುವುದು. ಉಸಿರು ಏರಿತೋ, ಆ ಅಂಕಿ ಬರೆದು, ಮೀನನ್ನು ಎತ್ತಿ ಒಳ್ಳೆಯ ನೀರಿಗೆ ಬಿಡುವುದು. ಒಂದೂ ಸಾಯಲಿಲ್ಲ. ಪರೀಕ್ಷೆ ಮುಗಿದ ಮೀನುಗಳನ್ನು ಕೊಡದಲ್ಲಿ ತುಂಬಿಕೊಂಡು ಹಿಡಿದ ಜಾಗಕ್ಕಿಂತ ಮೇಲೆ, ನಾಲೆ ಕೂಡುವ ಮೊದಲಿನ ನೀರಿಗೆ ಬಿಟ್ಟುಬರುತ್ತಿದ್ದರು. ತಮ್ಮೊಳಗೇ ಮಾತಾಡಿಕೊಳ್ಳುವುದು ಬೇರೆ: "ಎಪ್ಪತ್ತೆಂಟು, ಎಪ್ಪತ್ತೊಂಬತ್ತು... ಯಾಕವ್ವಾ, ದಣದೇನ? ಹೊರಗ ಬಾ." ಸಂಜೆ ಹೊತ್ತು ಮುಳುಗುವ ಮುಂಚೆ ಅವರ ಊಟ ಆಗಬೇಕು, ಆದ್ದರಿಂದ ಮೀನುಗಳಿಗೂ ಐದು ಗಂಟೆಗೆ ರಜೆ. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥರು ಹಣೆ ಹಣೆ ಬಡಿದುಕೊಂಡರು.

ಎರಡನೆಯ ಕೆಲಸದಲ್ಲಿ ಗಂಟು ಬಿತ್ತು. ವಾರಕ್ಕೊಮ್ಮೆ ಬೆಳಿಗ್ಗೆ ಕಾಕಾ ಒಬ್ಬರೇ ನದಿಗೆ ಹೋಗಿ ಬಾಟಲಿಗಳಲ್ಲಿ ನೀರು ತರುತ್ತಿದ್ದರು, ನಾನು ಅಳೆಯುತ್ತಿದ್ದೆ. ಎಂಟು ತಿಂಗಳು ಅಳೆದೆ. ನದಿಯಲ್ಲಿ ತಾಮ್ರ ಪ್ರತಿ ಸಲವೂ ಸ್ವಲ್ಪವೇ. ಕಾಕಾ ಬರೆದಿಟ್ಟ ಉಸಿರಿನ ಪಟ್ಟಿಯ ಪ್ರಕಾರ ಅಷ್ಟರಲ್ಲಿ ಮೀನು ಹಾಯಾಗಿರಬೇಕು. ಆದರೆ ಭೀಮಾ ಬುಟ್ಟಿ ತರುವುದು ನಿಲ್ಲಲಿಲ್ಲ. ಈ ಅಂಕಿಯೇ ನಿಂತರೆ ಸಮಿತಿ ಏನು ಹೇಳುತ್ತದೆಂದು ನಮಗೆ ಗೊತ್ತಿತ್ತು: ನದಿ ಚೆನ್ನಾಗಿದೆ, ಶೆಡ್ಡಿನವರು ಏನೂ ಮಾಡಬೇಕಾಗಿಲ್ಲ. ಕಾಕಾ ನನ್ನ ಮೇಲೇ ರೇಗಿದರು. "ತಂಗಿ, ಎಲ್ಲೋ ತಪ್ಪಾಕತ್ತೈತಿ. ನಿನ್ನ ಮಶೀನ ಬರಾಬರಿ ಐತೇನ?" ನನಗೂ ಸಿಟ್ಟು ಬಂತು. ನನ್ನ ಮಶೀನಿಗೇನಾಗಿದೆ ಎಂದು, ಮರುವಾರ ನಾನೂ ಅವರ ಜೊತೆ ನದಿಗೆ ಹೊರಟೆ.

ಮಳೆಗಾಲ ಕಳೆದ ಕೆಸರು ನೀರು. ಕಾಕಾ ಧೋತರ ಎತ್ತಿ ಕಟ್ಟಿ ಮೊಣಕಾಲುದ್ದಕ್ಕೆ ಇಳಿದರು. ತಂಬಿಗೆ ಮುಳುಗಿಸಿದರು. ಎಡಗೈಯಲ್ಲಿ ಬಾಟಲಿ ಹಿಡಿದರು. ಬಲಗೈ ತಾನಾಗಿಯೇ ಕಿಸೆಗೆ ಹೋಯಿತು. ಅರಿವೆ ಬಂತು, ಬಾಟಲಿಯ ಬಾಯಿಗೆ ಕೂತಿತು, ನಡುವೆ ಸಣ್ಣ ಗುಣಿಯೂ ಆಯಿತು. ಕೆಸರೆಲ್ಲ ಅರಿವೆಯ ಮೇಲೆ, ತಿಳಿನೀರು ಬಾಟಲಿಯೊಳಗೆ. ಆಮೇಲೆ ಅರಿವೆಯನ್ನು ಮಗುಚಿ ನದಿಯಲ್ಲೇ ಜಾಲಿಸಿದರು. ನಾನು ದಂಡೆಯಿಂದಲೇ ಕೂಗಿದೆ.

"ಕಾಕಾ, ಏನ ಮಾಡಾಕತ್ತೀರಿ?"

"ನೀರು ತುಂಬಾಕತ್ತೇನಿ."

"ಕೈಯಾಗ ಏನೈತಿ ನೋಡ್ಕೊಳ್ರಿ."

ನೋಡಿಕೊಂಡರು. ಒಂದು ಗಳಿಗೆ ಅವರಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ನೀರಲ್ಲೇ ನಿಂತು ಗಹಗಹಿಸಿ ನಕ್ಕರು. ನಗುತ್ತ ನಗುತ್ತಲೇ ಮುಖ ಸಣ್ಣದಾಯಿತು. ತಾಮ್ರ ಬಹಳಷ್ಟು ಕೆಸರಿಗೆ ಅಂಟಿಕೊಂಡಿರುತ್ತದೆ, ಇದು ನಮ್ಮ ಶಾಸ್ತ್ರದ ಮೊದಲ ಪಾಠ. ಎಂಟು ತಿಂಗಳು ಆ ತಾಮ್ರವನ್ನು ಅವರು ಶ್ರದ್ಧೆಯಿಂದ ಬಸಿದು, ನದಿಗೇ ಮರಳಿಸಿ, ತಿಳಿನೀರನ್ನಷ್ಟೇ ನನಗೆ ತಂದುಕೊಟ್ಟಿದ್ದರು. "ಅರವತ್ತು ವರ್ಷದ ಕೈ, ತಂಗಿ. ನನ್ನ ಕೇಳೂದಿಲ್ಲ," ಎಂದರು. "ಮೀನೇನ ಅರಿವಿ ಕಟ್ಕೊಂಡು ಉಸರಾಡತೈತೇನ? ಎಂಥಾ ಕೆಲಸಾ ಮಾಡಿದ್ನಲ್ಲ ನಾನು!"

ಅವತ್ತೇ ಸೋಸಿದ್ದೊಂದು, ಸೋಸದ್ದೊಂದು ಬಾಟಲಿ ಅಳೆದೆ. ಸೋಸದ ನೀರಿನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಸಮಿತಿಯ ಸಭೆಗೆ ಎರಡೇ ದಿನ ಉಳಿದಿತ್ತು. ನಮ್ಮ ಮುಖ್ಯಸ್ಥರು ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದರು: "ಇದನ್ನು ಬಾಯಿ ಬಿಟ್ಟರೆ ಪ್ರಯೋಗಶಾಲೆಯ ಹೆಸರು ಹೋಯಿತು, ನಿಮ್ಮ ಮೂವತ್ತು ವರ್ಷದ ಹೆಸರೂ ಹೋಯಿತು. ಸುಮ್ಮನೆ ಇನ್ನಷ್ಟು ಸಮಯ ಕೇಳಿ." ಕಾಕಾ ಅರಿವೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಎದ್ದರು. ಆ ಎರಡು ದಿನ ಚಹಾದಂಗಡಿಗೂ ಹೋಗಲಿಲ್ಲ. ನನಗಂತೂ ನಮ್ಮಪ್ಪನ ಅಂಗಡಿಯ ಅರಿವೆ ಇಷ್ಟು ಘಟ್ಟಿ ಯಾಕಿರಬೇಕಿತ್ತು ಎನ್ನಿಸಿಬಿಟ್ಟಿತು.

ಸಭೆಯಲ್ಲಿ ಶೆಡ್ಡಿನವರ ಪರವಾಗಿ ಒಬ್ಬ ವಕೀಲರು ಬಂದಿದ್ದರು. ಭಾರಿ ಆಟಗಾರ. ಚೀಲದಿಂದ ಫಳಫಳ ಹೊಳೆಯುವ ತಾಮ್ರದ ತಂಬಿಗೆ ತೆಗೆದು, ಎಲ್ಲರೆದುರು ಎರಡು ಗುಟುಕು ನೀರು ಕುಡಿದರು. ನಮ್ಮಜ್ಜ ಮುತ್ತಜ್ಜಂದಿರು ತಾಮ್ರದ ಹಂಡೆಯ ನೀರು ಕುಡಿದೇ ಬದುಕಿದರು, ಇದು ವಿಷವೇ? ಎಂದು ಮರಾಠಿಯಲ್ಲಿ ಕೇಳಿದರು. ಸಭೆ ನಕ್ಕಿತು. ಕಾಕಾ ಅವರಿಗೆ ಸಿಟ್ಟು ಬಂದರೆ ಮರಾಠಿ ಕೈಕೊಟ್ಟು ಕನ್ನಡವೇ ಬರುತ್ತಿತ್ತು. ಅಧ್ಯಕ್ಷರು ಗಡಿಯೂರು ಮ್ಹೈಸಾಳದ ಕಡೆಯ ನಿವೃತ್ತ ಇಂಜಿನಿಯರು, ಕನ್ನಡ ಬಲ್ಲವರು, ಹೀಗಾಗಿ ನಡೆದುಹೋಯಿತು.

"ವಕೀಲಸಾಹೇಬ್ರ, ನೀವು ಎರಡ ಗುಟುಕ ಕುಡದು ತಂಬಿಗಿ ಕೆಳಗ ಇಟ್ರಿ. ಮೀನು ತಂಬಿಗ್ಯಾಗ ಇರತೈತ್ರಿ. ಹುಟ್ಟೂದು, ಉಣ್ಣೂದು, ಮಕ್ಕಳು ಮರಿ, ಎಲ್ಲಾ ಅದರಾಗ. ನಿಮಗ ತಂಬಿಗ್ಯಾಗ ಸಂಸಾರ ಮಾಡ್ರಿ ಅಂದ್ರ ಮಾಡ್ತೀರೇನು?"

ಈ ಸಲ ನಗು ನಮ್ಮ ಕಡೆಗೆ ತಿರುಗಿತು. ಅಲ್ಲಿಗೇ ಕೂತಿದ್ದರೆ ಆಗುತ್ತಿತ್ತು. ಕೂಡಲಿಲ್ಲ. ಕಿಸೆಗೆ ಕೈ ಹಾಕಿ ಅರಿವೆ ತೆಗೆದು ಮೇಜಿನ ಮೇಲೆ ಬಿಡಿಸಿ ಹಾಸಿದರು. ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡರು.

"ಎಂಟ ತಿಂಗಳ ನಾ ಕೊಟ್ಟ ನದೀ ಅಂಕಿ ಅಷ್ಟೂ ತಪ್ಪು ಅದಾವ್ರಿ. ಇದರಾಗ ಸೋಸಿ ಬಾಟ್ಲಿ ತುಂಬೇನಿ. ಬೇಕಂತ ಮಾಡಿದ್ದಲ್ಲ, ಆದ್ರ ಮಾಡಿದವ ನಾನ. ಈ ತಂಗೀದು ಏನೂ ತಪ್ಪಿಲ್ಲ."

ವಕೀಲರು ಜಿಗಿದೇಬಿಟ್ಟರು. ಕೇಳಿದಿರಾ, ಇವರ ಕಾಗದವೆಲ್ಲ ಸುಳ್ಳು, ತೆಗೆದು ಒಗೆಯಿರಿ!

"ಒಗೀರಿ," ಎಂದರು ಕಾಕಾ. "ಆದ್ರ ಒಂದ ತಿಳ್ಕೊಳ್ರಿ, ಆ ಸುಳ್ಳು ನಿಮ್ಮ ಕಡೇಕ ವಾಲಿತ್ತು. ಖರೇ ಅಂಕಿ ಇದರ ಎರಡರಷ್ಟು ಐತಿ."

ವಕೀಲರು ತಂಬಿಗೆಯನ್ನು ಚೀಲಕ್ಕೆ ಹಾಕಿದರು. ಅಧ್ಯಕ್ಷರು ಆ ಅರಿವೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅವರ ಮುಂದಿದ್ದ ಆದೇಶದ ಕರಡಿನಲ್ಲಿ ಅಂಕಿಗೆ ಜಾಗವಿತ್ತು, ಆದರೆ ನೀರನ್ನು ಹೇಗೆ ತುಂಬಬೇಕು ಎಂಬ ಮಾತೇ ಇರಲಿಲ್ಲ. ಇಂಥ ತಪ್ಪನ್ನು ನಾಳೆ ಯಾರಾದರೂ ಬೇಕೆಂದೇ ಮಾಡಿದರೆ ಹಿಡಿಯುವುದು ಹೇಗೆ ಎಂದು ಕೇಳಿ, ಅಲ್ಲೇ ಒಂದು ಸಾಲು ಬರೆಸಿದರು: ಪರೀಕ್ಷೆಯ ನೀರನ್ನು ಬಟ್ಟೆಯಿಂದಾಗಲಿ ಬೇರಾವುದರಿಂದಾಗಲಿ ಸೋಸದೆ ತುಂಬತಕ್ಕದ್ದು. ಇದನ್ನು ತೋರಿಸಿಕೊಟ್ಟವರೆಂದು ನಿಮ್ಮ ಹೆಸರು ಹಾಕಲೇ ಎಂದು ನಗುತ್ತ ಕೇಳಿದರು.

"ಹೆಸರು ಬ್ಯಾಡ್ರಿ," ಎಂದರು ಕಾಕಾ. "ಅರಿವಿ ಇರ್ಲಿ."

ನೀರನ್ನು ಎರಡೂ ಕಡೆಯವರೆದುರು ಮತ್ತೆ ತುಂಬಿ ಅಳೆದೆವು. ಕೊನೆಗೆ ನಿಂತ ಅಂಕಿ ಕಾಕಾ ಕೇಳಿದಷ್ಟು ಬಿಗಿಯಾಗಿರಲಿಲ್ಲ, ಶೆಡ್ಡಿನವರು ಬಯಸಿದಷ್ಟು ಸಡಿಲವೂ ಅಲ್ಲ. "ಅರ್ಧಾ ಗೆದ್ದೀವಿ. ಅರ್ಧಾ ಸಾಯೂದಕ್ಕಿಂತ ಛಲೋ," ಎಂದರು ಕಾಕಾ. ಶೆಡ್ಡುಗಳಲ್ಲಿ ತೊಳೆದ ನೀರಿನ ತಾಮ್ರ ಇಳಿಸಲು ತೊಟ್ಟಿಗಳಾದವು. ಎರಡು ಮಳೆಗಾಲ ಕಳೆದ ಮೇಲೆ ಭೀಮಾ ಬುಧಗಾಂವದ ಮನೆಗೇ ಹೋಗಿ ಜೀವಂತ ಮೀನಿನ ಬಾನಿಯನ್ನು ಕಟ್ಟೆಯ ಮೇಲಿಟ್ಟನಂತೆ, ಪ್ರೀತಿಯ ಉಡುಗೊರೆ! ಕಾಕೂ ಒಳಗೆ ಓಡಿದರು. ಕಾಕಾ ಬಾನಿಯನ್ನು ಹೊತ್ತು, ಬಸ್ಸು ಹತ್ತಿ, ಮೀನು ಹಿಡಿದ ಜಾಗಕ್ಕೇ ಬಿಟ್ಟುಬಂದರು. "ಅಲ್ರಿ ಕಾಕಾ, ನೀವು ಹಿಂಗ ಬಿಟ್ಕೋತ ಹ್ವಾದ್ರ ನಾ ಏನ ತಿನ್ಲಿ?" ಎಂದು ಭೀಮಾ ಕೇಳಿದ್ದಕ್ಕೆ, "ನಾಳಿಗಿ ಹಿಡ್ಕೋಪಾ. ನನಗ ತೋರಸಬ್ಯಾಡ, ಆತೇನ?" ಎಂದರಂತೆ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಮಿರಜದ ಒಂದು ಆಸ್ಪತ್ರೆಯಲ್ಲಿ. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ನಾನು ಮನೆಯಿಂದ ಬಾಟಲಿಯಲ್ಲಿ ನೀರು ಒಯ್ದಿದ್ದೆ. ಕಣ್ಣರಳಿಸಿ ಕೇಳಿದರು: "ಸೋಸಿದ್ದೋ, ಸೋಸದ್ದೋ?"

"ಕುಡಿಯೂದ್ರಿ ಕಾಕಾ. ಎರಡ ಸಲ ಸೋಸೇನಿ."

"ಶಾಣ್ಯಾ ಅದೀ. ಬಾಯಿಗಿ ಸೋಸಿದ್ದು, ಬಾಟ್ಲಿಗಿ ಸೋಸದ್ದು. ನನಗ ಕಲಿಯಾಕ ಅರವತ್ತು ವರ್ಷ ಹಿಡೀತು," ಎಂದು ನಕ್ಕು ಇಡೀ ಲೋಟ ಕುಡಿದರು. ಅದೇ ತಿಂಗಳು ಹೋಗಿಬಿಟ್ಟರು. ನನಗೆ ತಂದೆ ಹೋದಷ್ಟೇ ದುಃಖವಾಯಿತು.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಗೆ ಸಮಿತಿಯ ಆ ಆದೇಶದ ಪ್ರತಿ ಕೊಟ್ಟು ಓದಿಸುತ್ತಿದ್ದೆ. ಕನ್ನಡ ಮನೆಯವಳೇ, ಮಾತು ಮಾತ್ರ ಮರಾಠಿ. ಆ ಸಾಲಿಗೆ ಬಂದವಳು ಕಿಸಕ್ಕನೆ ನಕ್ಕಳು. ಪರೀಕ್ಷೆಗೆ ಒಯ್ಯುವ ನೀರನ್ನು ಯಾರಾದರೂ ಬಟ್ಟೆಯಲ್ಲಿ ಸೋಸುತ್ತಾರೆಯೇ ಮೇಡಂ, ಇಷ್ಟು ದಡ್ಡರು ಯಾರಿರುತ್ತಾರೆ, ಇದನ್ನು ಯಾರು ಬರೆದದ್ದು ಎಂದು ಕೇಳಿದಳು.

"ಸೋಸಿದವ್ರ ಬರಸ್ಯಾರ," ಎಂದೆ.