ಮಗಳ ಗ್ಲೌಸಿಗೆ ಪೈಲ್ವಾನರ ಅಳತೆ

ನಮ್ಮ ಪಕ್ಕದ ಮನೆಯ ಜವರಯ್ಯನವರನ್ನು ಕುಂಬಾರಕೊಪ್ಪಲಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ; ಕರೆದರೂ ಅವರು ತಿರುಗುತ್ತಿರಲಿಲ್ಲ. ‘ಉಸ್ತಾದ್ರೇ’ ಎನ್ನಬೇಕಿತ್ತು. ಕುಸ್ತಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಡಕೊಳದ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದರು. ಆದರೂ ಲಾರಿಯೊಂದನ್ನು ಒಳಗೆ ಬಿಡುವಾಗ, ಎದುರಾಳಿಯನ್ನು ಅಖಾಡಕ್ಕೆ ಕರೆಯುವವರ ಹಾಗೆ ತೊಡೆ ತಟ್ಟಿಯೇ ಬಿಡುತ್ತಿದ್ದರು.

ಇಂಥವರ ಮಗಳು ಶಾಲಿನಿ, 2004ರಲ್ಲಿ ಕಾಲೇಜು ಸೇರಿದವಳು, ಬಾಕ್ಸಿಂಗ್ ಹಿಡಿದಳು. ತಾಯಿ ಬೆಟ್ಟಮ್ಮನಿಗೆ ಮಗಳ ಮೂಗಿನ ಚಿಂತೆ. “ಪೈಲ್ವಾನ್ ರಕ್ತ ಕಣಮ್ಮಿ, ಸುಮ್ನೆ ಎಲ್ಲಿ ಕೂತ್ಕೊಂಡಾತು?” ಎಂದು ಜವರಯ್ಯನವರು ಒಪ್ಪಿಗೆ ಕೊಟ್ಟದ್ದಲ್ಲದೆ, ಅಭ್ಯಾಸಕ್ಕೆಂದು ಕ್ಯಾನ್‌ವಾಸಿನ ಉದ್ದನೆಯ ಚೀಲ ಹೊಲಿಸಿ ಹಿತ್ತಲಿನ ಹಲಸಿನ ಮರಕ್ಕೆ ನೇತುಹಾಕಿದರು.

“ಹಳೇ ಬಟ್ಟೆ ತುಂಬ್ಬೇಕಂತೆ ಅಪ್ಪ, ಬಾಕ್ಸಿಂಗ್ ಕಲಿಸೋ ಮೇಡಂ ಹೇಳವ್ರೆ.”

“ಬಟ್ಟೆ ತುಂಬಕ್ಕೆ ಇದೇನು ದಿಂಬಾ?”

ಅವರು ತುಂಬಿದ್ದು ಗರಡಿಯ ಮಟ್ಟಿ. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕುಸ್ತಿಯ ಕೆಂಪು ಮಣ್ಣು. ಪೈಲ್ವಾನರು ಕಣ್ಣಿಗೊತ್ತಿಕೊಂಡ ಮೇಲೆಯೇ ಕಾಲಿಡುವ ಮಣ್ಣು. “ಈಗ ಒಳಗೆ ಆಂಜನೇಯಸ್ವಾಮೀನೇ ಕೂತಂಗೆ” ಎಂದರು.

“ಅಂಗಾದ್ರೆ ನಾನು ಆಂಜನೇಯಂಗೇ ಗುದ್ದಬೇಕಾ?” ಎಂದಳು ಮಗಳು. ಉಸ್ತಾದರು ಚೀಲದ ಬಾಯಿ ಬಿಗಿದು ಕಟ್ಟತೊಡಗಿದರು.

ಗ್ಲೌಸು ಕೊಳ್ಳುವ ದಿನ ಅರಸು ರಸ್ತೆಯ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಅಂಗಡಿಯವನು ಪಾಪ, ಸರಿಯಾಗಿಯೇ ಹೇಳಿದ: “ಮೊದ್ಲು ಕೈಗೆ ಪಟ್ಟಿ ಸುತ್ತಿ, ಆಮೇಲೆ ಹಾಕ್ಕೊಂಡು ನೋಡ್ಬೇಕು. ಮುಷ್ಟಿ ಬಿಗಿದ್ರೆ ಒಳಗೆ ಜಾಗ ಉಳೀಬಾರ್ದು. ಮಣಿಕಟ್ಟು ಅಲ್ಲಾಡ್ಬಾರ್ದು.” ಶಾಲಿನಿಯ ಕೈಗೆ ಕೆಂಪು ಜೊತೆಯೊಂದು ಹೇಳಿ ಮಾಡಿಸಿದಂತೆ ಕೂತಿತು.

“ಬೆಳಿಯೋ ಮಗು ಕಣ್ರೀ. ಇದಕ್ಕಿಂತ ದೊಡ್ಡದು ತೆಗೀರಿ” ಎಂದರು ಜವರಯ್ಯನವರು. ಐದನೇ ಕ್ಲಾಸಿನ ಲಂಗವನ್ನು ಎಂಟನೇ ಕ್ಲಾಸಿನ ಅಳತೆಗೆ ಹೊಲಿಸಿ, ಅಂಚು ಮಡಿಸಿ ಕಳಿಸಿದ್ದ ಮನೆತನ.

“ಕಾಲೇಜಿಗೆ ಬಂದ್ಮೇಲೂ ಕೈ ಬೆಳೆಯುತ್ತಾ ಅಪ್ಪಾ?”

“ನಂದು ಬೆಳೀಲಿಲ್ವಾ?” ಎಂದು ಅವರು ತಮ್ಮ ಅಂಗೈಯನ್ನು ಕೌಂಟರಿನ ಮೇಲೆ ಹಾಸಿದರು. ಮೊರದಗಲದ ಆ ಕೈ ನೋಡಿ ಅಂಗಡಿಯವನು ದೊಡ್ಡ ಜೊತೆ ಕಟ್ಟಿಕೊಟ್ಟ.

ಕೆಲವೇ ದಿನದಲ್ಲಿ ಚೀಲದೊಳಗಿನ ಮಟ್ಟಿ ಕುಸಿದು, ಬಿಗಿದು, ಕಲ್ಲಾಯಿತು. ಗ್ಲೌಸಿನೊಳಗೆ ಕೈ ಉರುಳಾಡುತ್ತಿತ್ತು. ಶಾಲಿನಿಯ ಮಣಿಕಟ್ಟು ಬಾತುಕೊಂಡಿತು. ಜಿಲ್ಲಾ ಆಯ್ಕೆ ಪಂದ್ಯಕ್ಕೆ ಇನ್ನೊಂದೂವರೆ ತಿಂಗಳಿತ್ತು.

ಬೆಟ್ಟಮ್ಮ ಬಿಸಿ ಶಾಖ ಕೊಡುತ್ತಾ ತೀರ್ಪು ಹೇಳಿದರು: “ಇನ್ನೊಂದ್ ಕಿತಾ ಕೈ ಊದ್ಕೊಳ್ಳಿ, ಗ್ಲೌಸು ಅಟ್ಟಕ್ಕೆ. ಪಂದ್ಯನೂ ಬ್ಯಾಡ, ಪದಕನೂ ಬ್ಯಾಡ.”

ಶಾಲಿನಿ ಅಳಲಿಲ್ಲ. ಅಪ್ಪನ ಮುಖ ನೋಡಿದಳಷ್ಟೆ. ಉಸ್ತಾದರಿಗೆ ಅದೇ ಕಷ್ಟವಾಗಿದ್ದು.

ಮರುದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವರು ಹಿತ್ತಲಿಗೆ ಬಂದರು. ನಾನು ಕಾಂಪೌಂಡಿನ ಈಚೆ ದಾಸವಾಳ ಬಿಡಿಸುತ್ತಿದ್ದೆ. ಮಗಳಿಗೆಂದು ತಂದ ಗ್ಲೌಸು ಅವರ ಕೈಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಹಳೆಯ ಅಭ್ಯಾಸ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದರು, ಗ್ಲೌಸು ಮೂಗಿಗೆ ಬಡಿಯಿತು. ಆಮೇಲೆ ಹಿಂದೆ ಸರಿದು, ಉಸಿರು ಬಿಗಿಹಿಡಿದು ಗುದ್ದಿದರು. ಚೀಲ ಕದಲಲಿಲ್ಲ. ಉಸ್ತಾದರು ಕದಲಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಬಲಗೈಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡರು.

ನನ್ನನ್ನು ಕಂಡು, “ಮಗೀಗೆ ಇಷ್ಟು ನೋವಾಗಿತ್ತೇನ್ರೀ?” ಎಂದರು.

ಭಾನುವಾರ ಚೀಲ ಬಿಚ್ಚಿ, ಚಪ್ಪಲಿ ಕಳಚಿಟ್ಟು, ಎಡಗೈಯಲ್ಲಿ ಮಟ್ಟಿ ಬಗೆದು, ಮಂಕರಿಯಲ್ಲಿ ಹೊತ್ತು ಗರಡಿಗೇ ವಾಪಸು ಹಾಕಿಬಂದರು. ಆ ಮಣ್ಣನ್ನು ಚರಂಡಿಗೆ ಚೆಲ್ಲುವಂತಿಲ್ಲ. ದಾರಿಯಲ್ಲಿ ಕೇಳಿದವರಿಗೆಲ್ಲ, “ಗರಡೀಲಿ ಮಟ್ಟಿ ಸಾಲ್ದಾಗದೆ, ಅದಕ್ಕೆ” ಎಂದರು. ಬೆಟ್ಟಮ್ಮನ ಹಳೇ ಸೀರೆಗಳನ್ನೆಲ್ಲ ತುಂಬಿದರೂ ಚೀಲ ಅರ್ಧವೂ ಆಗಲಿಲ್ಲ. ಜವರಯ್ಯನವರು ಒಳಗೆ ಹೋಗಿ ಟ್ರಂಕು ತೆರೆದರು. ನುಸಿಗುಳಿಗೆಯ ವಾಸನೆಯೊಂದಿಗೆ ಕುಸ್ತಿಯಲ್ಲಿ ಗೆದ್ದ ಪೇಟಗಳೆಲ್ಲ ಹೊರಬಂದವು.

“ಅಯ್ಯೋ, ದಸರಾದಲ್ಲಿ ಗೆದ್ದಿದ್ದಲ್ವಾ ಅದು?” ಎಂದರು ಬೆಟ್ಟಮ್ಮ.

“ಸುತ್ಕೊಂಡು ನಾನೇನು ಮದ್ವೆಗೊಂಟಿವ್ನಾ? ತುರುಕು.”

ಮತ್ತೆ ಅರಸು ರಸ್ತೆ, ಅದೇ ಅಂಗಡಿ. ಶಾಲಿನಿ ಪಟ್ಟಿ ಸುತ್ತಿ, ಕೆಂಪು ಜೊತೆ ತೊಟ್ಟು, ಮುಷ್ಟಿ ಬಿಗಿದು ನೋಡಿದಳು. ಉಸ್ತಾದರು ಬಾಯಿ ತೆರೆದರು. ನಾನೂ ಅಂಗಡಿಯವನೂ ಗಾಬರಿಯಾದೆವು.

“ಅವಳನ್ನೇ ಕೇಳಿ. ಕೈ ಅವಳ್ದು” ಎಂದರು.

ಅಂಗಡಿಯವನ ಕಣ್ಣು ಅವರ ಬಲಗೈಯ ಬ್ಯಾಂಡೇಜಿನ ಮೇಲೆ ಬಿತ್ತು. “ನೀವು ಪಟ್ಟಿ ಸುತ್ಕೊಂಡೇ ಬಂದಿದ್ದೀರಲ್ಲ ಸಾರ್! ನಿಮಗೂ ಒಂದ್ ಜೊತೆ ತೋರಿಸ್ಲಾ?”

ಶಾಲಿನಿಯ ಮಣಿಕಟ್ಟು ಮತ್ತೆ ಊದಲಿಲ್ಲ. ಆಯ್ಕೆಯ ದಿನ ಬೆಟ್ಟಮ್ಮನೇ ಮಗಳ ಅಂಗೈಗೆ ಮೊಸರು ಹಾಕಿ ಕಳಿಸಿದರು. ಶಾಲಿನಿ ಆಯ್ಕೆಯಾಗಿ ಬಂದಳು. ಅಂದಿನಿಂದ ಕಡಕೊಳದ ಗೇಟಿನಲ್ಲಿ ಲಾರಿಯವರಿಗೆಲ್ಲ ಉಪದೇಶ: “ಗ್ಲೌಸು ಅಂದ್ರೆ ಸುಮ್ನೆ ಅಲ್ಲ ಕಣ್ರೀ. ಮೊದ್ಲು ಪಟ್ಟಿ ಸುತ್ತಬೇಕು, ಆಮೇಲೆ ಮುಷ್ಟಿ ಬಿಗೀಬೇಕು...” ಇದನ್ನು ಕಂಡುಹಿಡಿದದ್ದು ತಾವೇ ಎಂಬಂತೆ ಹೇಳುತ್ತಿದ್ದರು. ಪೇಟಗಳ ಮಾತನ್ನು ಮಾತ್ರ ಯಾರ ಬಳಿಯೂ ಎತ್ತಲಿಲ್ಲ.