ಅಪ್ಪ ಕಟ್ಟಿದ ಒಂಟೆಮರಿ

ಆ ದಿನಗಳಲ್ಲಿ ನಾವು ಭೂಗೋಳವನ್ನು ಸಾಲೆಯಲ್ಲಿ ಕಲಿತದ್ದಕ್ಕಿಂತ ಲಾರಿಯಲ್ಲಿ ಕಲಿತದ್ದೇ ಹೆಚ್ಚು. ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆಲ್ಲ ನಮ್ಮಪ್ಪ ಹೋಗುತ್ತಿದ್ದ. ಓಣಿಯ ಉಳಿದ ಮಕ್ಕಳು ಬೇಸಿಗೆ ರಜೆಗೆ ಕೆರೂರಿಗೋ ಹುನಗುಂದಕ್ಕೋ ಅಜ್ಜಿಯ ಮನೆಗೆ ಹೋದರೆ, ನಾನು ಅಪ್ಪನ ಜೊತೆ ಹೊರಡಲು ಬಾಗಿಲಲ್ಲಿ ಕೂತು ಲಾರಿಯ ಹಾರ್ನಿಗೆ ಕಿವಿ ಕೊಡುತ್ತಿದ್ದೆ. ಅಪ್ಪನ ಅಂಗಿಯಿಂದ ಡೀಸೆಲ್ಲು, ಕಲ್ಲಿನ ಪುಡಿ, ತಾಡಪತ್ರಿಯ ವಾಸನೆ ಬರುತ್ತಿತ್ತು. ನನಗದು ಅತ್ತರಿಗಿಂತ ಹೆಚ್ಚು.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಗುಜರಾತಿನ ಕಛ್ ಕಡೆಗೆ ಲೋಡು ಸಿಕ್ಕಿತು. ಈ ಸಲ ಅವ್ವ ತಾನೂ ಬರುವೆನೆಂದು ಬಿಡಲಿಲ್ಲ. ಮದುವೆಯಾದಾಗಿನಿಂದ ಸಮುದ್ರ ತೋರಿಸುತ್ತೇನೆ ಎನ್ನುತ್ತ ಬಂದಿದ್ದೀರಿ, ನನ್ನ ಕೂದಲು ಬೆಳ್ಳಗಾಗುವ ತನಕ ಕಾಯಬೇಕೇನು ಎಂದು ಹಟ ಹಿಡಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಗಂಟು ಕಟ್ಟಿ, ತನ್ನ ಒಳ್ಳೆಯ ಇಳಕಲ್ ಸೀರೆಯನ್ನೇ ಉಟ್ಟು, ನನ್ನನ್ನು ಮುಂದೆ ದಬ್ಬಿ ಲಾರಿ ಹತ್ತಿದಳು.

ದಿನಗಟ್ಟಲೆ ಹೋದೆವು. ಹಸಿರು ಮುಗಿಯಿತು, ಆಮೇಲೆ ಗಿಡವೂ ಮುಗಿಯಿತು. ನೆಲದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಒಂದು ಕಡೆ ಅಪ್ಪ ಲಾರಿ ನಿಲ್ಲಿಸಿ, ದೂರದಲ್ಲಿ ಧೂಳೆಬ್ಬಿಸುತ್ತ ಓಡುತ್ತಿದ್ದ ಕಾಡುಕತ್ತೆಗಳ ಹಿಂಡನ್ನು ತೋರಿಸಿದ. ದೇಶದಲ್ಲಿ ಇವನ್ನು ನೋಡಬೇಕೆಂದರೆ ಇಲ್ಲಿಗೇ ಬರಬೇಕು ಎಂದು ಎಲ್ಲ ಬಲ್ಲವನ ಹಾಗೆ ಹೇಳಿದ.

"ಕತ್ತಿ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನ್ರಿ? ನಮ್ಮ ಬಸ್‌ಸ್ಟ್ಯಾಂಡ್ ಹಿಂದ ಬೇಕಾದಷ್ಟು ಅದಾವಲ್ಲ" ಎಂದಳು ಅವ್ವ. ಅಪ್ಪ ನಕ್ಕ ನಗು ನನಗೆ ಈಗಲೂ ಕೇಳುತ್ತದೆ. ಹಾಗೆ ಬಾಯಿ ತುಂಬ ನಗುವುದು ಆಗ ಅವನಿಗೆ ಸಲೀಸು.

ಕಲ್ಲು ಇಳಿಸಿದ ಮೇಲೆ ವಾಪಸ್ ಲೋಡು ಸಿಗಲಿಲ್ಲ. ಚಹಾದಂಗಡಿಯವನು ಸುಮ್ಮನೆ ಕೂರುವ ಬದಲು ಸಮುದ್ರ ನೋಡಿ ಬನ್ನಿ, ಹತ್ತಿರವೇ ಇದೆ ಎಂದ. ಬೆಳಿಗ್ಗೆ ದಂಡೆಯ ಹತ್ತಿರ ಲಾರಿ ನಿಲ್ಲಿಸಿ ಇಳಿದರೆ ಸಮುದ್ರವೇ ಇರಲಿಲ್ಲ. ಕಣ್ಣು ಹಾಯುವ ತನಕ ಹಸಿ ಮಣ್ಣು, ಅಲ್ಲಲ್ಲಿ ಕುಳ್ಳ ಗಿಡಗಳು, ಬಲು ದೂರದಲ್ಲಿ ಹೊಳೆಯುವ ಒಂದು ಗೆರೆ. ಆ ಗೆರೆಯ ಈಚೆ ಗುಲಾಬಿ ಬಣ್ಣದ ರಾಜಹಂಸಗಳು ಗುಂಪುಗುಂಪಾಗಿ ನಿಂತಿದ್ದವು. ಅವ್ವನಿಗೆ ನಿರಾಸೆ. ಬೇಸಿಗೆ ಅಲ್ಲವೇ, ನಮ್ಮ ಮಲಪ್ರಭೆಯ ಹಾಗೆ ಇದೂ ಬತ್ತಿರಬೇಕು ಎಂದ ಅಪ್ಪ. ನಮಗೂ ಅದು ಸರಿಯೆನಿಸಿತು. ಉಬ್ಬರ ಇಳಿತದ ಪಾಠ ನನಗೆ ಮುಂದಿನ ಇಯತ್ತೆಗಿತ್ತು. ನಮ್ಮ ಕಡೆಯ ನೀರು ಒಮ್ಮೆ ಹೋಯಿತೆಂದರೆ ಮಳೆಗಾಲಕ್ಕೇ ಬರುವುದು.

ಆ ಬಯಲಿನಲ್ಲಿ ಒಂದು ಒಂಟೆಮರಿ ಒಂದೇ ನಿಂತು ಕೂಗುತ್ತಿತ್ತು. ಮೈತುಂಬ ಕಂದು ಉಣ್ಣೆ, ಮೈಗೆ ಹೊಂದದ ಉದ್ದ ಕಾಲು. ಸುತ್ತ ನೋಡಿದರೆ ತಾಯಿಯೂ ಇಲ್ಲ, ಕಾಯುವವನೂ ಇಲ್ಲ.

ನಮ್ಮ ಕಡೆ ದಾರಿ ತಪ್ಪಿದ ಕರು ಸಿಕ್ಕರೆ ಕಂಡವರು ಕಟ್ಟಿಹಾಕಬೇಕು. ಅದು ಯಾರದೋ ಹೊಲಕ್ಕೆ ಬಿದ್ದು ಏಟು ತಿನ್ನಬಾರದು, ಕಳ್ಳರ ಪಾಲಾಗಬಾರದು, ಹುಡುಕಿಕೊಂಡು ಬಂದವರ ಕಣ್ಣಿಗೆ ಬೀಳಬೇಕು. ನೋಡಿಯೂ ನೋಡದಂತೆ ಹೋದವನನ್ನು ನಮ್ಮಲ್ಲಿ ಮನುಷ್ಯನೆನ್ನುವುದಿಲ್ಲ. ಅಪ್ಪ ಹುಟ್ಟಿದ್ದು ಹುನಗುಂದದ ಹತ್ತಿರದ ಒಕ್ಕಲುತನದ ಮನೆಯಲ್ಲಿ. ಲಾರಿಯಿಂದ ಹಗ್ಗ ತಂದ, ಮರಿಯ ಕೊರಳು ಸವರಿದ, ನಮ್ಮ ಕ್ಯಾನಿನ ಸಿಹಿನೀರನ್ನು ಬೊಗಸೆಯಲ್ಲಿ ಕುಡಿಸಿದ. ಅವ್ವ ರೊಟ್ಟಿ ಮುರಿದು ಕೊಟ್ಟಳು. ದೋಣಿ ಕಟ್ಟುವ ಒಂದು ದಪ್ಪ ಗೂಟ ಅಲ್ಲಿತ್ತು. ಅದಕ್ಕೆ ನನ್ನ ತಲೆಗಿಂತ ಎತ್ತರದವರೆಗೂ ಚಿಪ್ಪು ಅಂಟಿದ್ದವು. ಅವು ಅಷ್ಟು ಎತ್ತರಕ್ಕೆ ಹೇಗೆ ಬಂದವೆಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಅಪ್ಪ ಕಲ್ಲಿನ ಲೋಡಿಗೆ ಹಾಕುವಂಥದೇ ಬಿಗಿ ಗಂಟು ಹಾಕಿದ.

"ನಿಮ್ಮವ್ವ ಬರೂತನಕ ಇಲ್ಲೇ ಇರು" ಎಂದು ಮರಿಯ ಬೆನ್ನು ತಟ್ಟಿದ.

ಅಲ್ಲಿಂದ ದಂಡೆ ಹಿಡಿದು ಬಹಳ ಹೊತ್ತು ನಡೆದು, ಮಂದಿ ಸೇರುವ ಕಡೆಗೆ ಹೋದೆವು. ಅಲ್ಲಿ ಖರೇ ಸಮುದ್ರವಿತ್ತು. ಜೀಪಿಗೆ ಕಟ್ಟಿದ ಪ್ಯಾರಾಶೂಟಿನಲ್ಲಿ ಒಬ್ಬಾತ ಮೇಲೇರಿ ಕಿರುಚುತ್ತಿದ್ದ. ನಾನು ಒಂಟೆ ಹತ್ತಿದೆ, ದೋಣಿಯಲ್ಲಿ ಕೂತೆ, ಉಪ್ಪುನೀರು ನುಂಗಿ ಕೆಮ್ಮಿದೆ. ಅವ್ವ ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದಳು. ಅಲೆ ಬಂದು ಅವಳ ಸೀರೆಯ ದಡಿ ತೋಯಿಸಿದಾಗ ಹುಡುಗಿಯ ಹಾಗೆ ನಕ್ಕಳು. ನಮ್ಮ ಮೂವರ ಬದುಕಿನಲ್ಲಿ ಅಷ್ಟು ಸುಖದ ಮುಂಜಾನೆ ಮತ್ತೊಂದಿಲ್ಲ.

ಮಧ್ಯಾಹ್ನ ಲಾರಿಯ ಕಡೆಗೆ ಮರಳಿದಾಗ ಆ ಬಯಲು ಇರಲಿಲ್ಲ. ಲಾರಿ ನಿಂತ ದಂಡೆಯ ಬುಡದವರೆಗೂ ನೀರು. ಗೂಟದ ತುದಿಯಷ್ಟೇ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಮೇಲಕ್ಕೆತ್ತಿದ ಒಂದು ಪುಟ್ಟ ತಲೆ.

ಅಪ್ಪ ಚಪ್ಪಲಿ ಬಿಡದೆ ನೀರಿಗೆ ಓಡಿದ. ಬೆಳಿಗ್ಗೆ ನಮ್ಮನ್ನು ಹೊತ್ತಿದ್ದ ನೆಲವೇ ನಾಲ್ಕು ಹೆಜ್ಜೆಗೆ ಕೆಸರಾಗಿ ತೊಡೆಯ ತನಕ ಹಿಡಿದುಕೊಂಡಿತು. ಬಲೆ ಹೊಲಿಯುತ್ತಿದ್ದ ಇಬ್ಬರು ಮೀನುಗಾರರು ಹಾರಿ ಹೋಗಿ ಅವನನ್ನು ಎಳೆದು ತಂದರು. ಅವರ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಅಪ್ಪ ಬಿಡಿಸಿಕೊಂಡು ಮತ್ತೆ ಓಡಿದ, ಅವರು ಮತ್ತೆ ಎಳೆದರು. ಕಡೆಗೆ ಒಬ್ಬಾತ ಅವನ ನಡುವನ್ನು ತಬ್ಬಿ ಕೂತೇ ಬಿಟ್ಟ.

ಆಗ ದೂರದ ನಡುಗಡ್ಡೆಯ ಕಡೆಯಿಂದ ಒಂದು ತಲೆ ತೇಲುತ್ತ ಬಂತು. ಮರಿಯ ತಾಯಿ. ಆ ಸೀಮೆಯ ಒಂಟೆಗಳು ಸಮುದ್ರ ಈಜಿ ನಡುಗಡ್ಡೆಯ ಗಿಡ ಮೇಯಲು ಹೋಗುತ್ತವೆ ಎಂದು ನಮಗೆ ಗೊತ್ತಾದದ್ದು ಆಗ. ಅದು ಗೂಟದ ಸುತ್ತ ಸುತ್ತಿತು, ಮೂತಿಯಿಂದ ಮರಿಯನ್ನು ದಬ್ಬಿತು. ಮರಿಯೂ ಕಾಲು ಬಡಿಯುತ್ತಿತ್ತು. ಹಗ್ಗ ಬಿಡಲಿಲ್ಲ. ಅಪ್ಪ ಹಾಕಿದ ಗಂಟು ಎಂದೂ ಬಿಟ್ಟದ್ದಿಲ್ಲ.

ಅವ್ವ ನನ್ನ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು. ಮತ್ತೆ ಸೆರಗು ತೆಗೆದಾಗ ತಾಯಿ ಒಂಟೆ ಒಂದೇ ಸುತ್ತುತ್ತಿತ್ತು.

ಸಂಜೆ ನೀರು ಹಿಂದಕ್ಕೆ ಹೋದಂತೆ ಒಂಟೆ ಕಾಯುವ ಮುದುಕ ಬಂದ. ಉದ್ದ ಕರಿ ಅಂಗಿ, ಬಿಳಿ ಗಡ್ಡ. ನಸುಕಿನಲ್ಲಿ ಹಿಂಡು ನಡುಗಡ್ಡೆಗೆ ಹೊರಟಾಗ ಮರಿ ನೀರಿಗೆ ಹೆದರಿ ಹಿಂದೆ ಉಳಿದಿತ್ತಂತೆ. ಅವನು ಮರಿಯ ಪಕ್ಕ ಕೂತು ಗಂಟು ಬಿಚ್ಚಲು ನೋಡಿದ. ನೀರು ಕುಡಿದ ಹಗ್ಗ ಕಲ್ಲಾಗಿತ್ತು. ಅಪ್ಪ ಹೋಗಿ ಅವನ ಎದುರಿಗೆ ಕೂತ. ಉಗುರು ಕಿತ್ತು ರಕ್ತ ಬರುವ ತನಕ ತಾನೇ ಬಿಚ್ಚಿದ.

ಅಪ್ಪನಿಗೆ ಗೊತ್ತಿದ್ದದ್ದು ಡೀಸೆಲ್, ಟೈರು, ಬಾಡಿಗೆಯ ಹಿಂದಿ. ಆ ಹೊತ್ತಿಗೆ ಬೇಕಾದ ಮಾತು ಅದರಲ್ಲಿರಲಿಲ್ಲ. "ಚೊಲೋ ಆಗ್ಲಿ ಅಂತ ಕಟ್ಟಿದ್ನಿ, ಅಜ್ಜಾ. ಚೊಲೋ ಆಗ್ಲಿ ಅಂತ" ಎಂದು ನಮ್ಮ ಮಾತಿನಲ್ಲೇ ಹೇಳುತ್ತ ಹೋದ.

ಮುದುಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಈಗ ಅನಿಸುತ್ತದೆ. ಬಿಟ್ಟಿದ್ದರೆ ನೀರು ಏರಿದಾಗ ತಾನೇ ಈಜಿ ದಂಡೆಗೆ ಬರುತ್ತಿತ್ತು ಎಂದಷ್ಟೇ ಹರಕು ಹಿಂದಿಯಲ್ಲಿ ಹೇಳಿ, ಮರಿಯನ್ನು ಎತ್ತಿಕೊಂಡು ನಡೆದ. ತಾಯಿ ಅದನ್ನು ಮೂಸುತ್ತ ಹಿಂದೆ ಹೋಯಿತು.

ಇಂದು ಆ ದಂಡೆಯ ವಿಡಿಯೋಗಳು ಫೋನಿನಲ್ಲಿ ತಾವಾಗಿಯೇ ಬರುತ್ತವೆ. ನೀರಾಟ, ರಾಜಹಂಸ, ಈಜುವ ಒಂಟೆ. ನನ್ನ ಮಗಳು ಹೋಗೋಣ ಎನ್ನುತ್ತಾಳೆ. ನಾನು ಮಾತು ಬದಲಿಸುತ್ತೇನೆ. ಅಪ್ಪ ಏನು ಮಾಡಿದರೂ ಸರಿಯಾಗುತ್ತದೆ ಎಂಬ ಧೈರ್ಯದಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗಿ ನಾನು. ಆ ನಿದ್ದೆ ನನಗೆ ಮತ್ತೆ ಬರಲಿಲ್ಲ. ಅಪ್ಪನದು ಇನ್ನೂ ದೊಡ್ಡ ಲುಕ್ಸಾನು. ಮೊದಲೆಲ್ಲ ನಮ್ಮ ಓಣಿಯಲ್ಲಿ ಯಾರ ಆಕಳ ಹೆರಿಗೆ ಕಷ್ಟವಾದರೂ ಅಪ್ಪನನ್ನು ಕರೆಯುತ್ತಿದ್ದರು. ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ತೆಗೆಯುವ ಕೈ ಅವನದು.

ಕಳೆದ ಸಲ ತವರಿಗೆ ಹೋದಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಅವಳ ಆಕಳಿಗೆ ಕರು ಅಡ್ಡ ಸಿಕ್ಕಿತ್ತು, ದನದ ಡಾಕ್ಟರು ಬರಲು ತಡವಾಗುತ್ತದಂತೆ. "ನಿಮ್ಮ ಕೈ ಚೊಲೋ ಐತಿ ಕಾಕಾ, ಒಂದೀಟು ಬರ್ರಿ" ಎಂದಳು.

"ನನ್ನ ಕೈ ಬ್ಯಾಡವಾ" ಎಂದ ಅಪ್ಪ.

ಆಕೆ ಹೋದಳು. ಗೋಡೆಯ ಆಚೆ ಆಕಳು ಒದರುತ್ತಲೇ ಇತ್ತು. ಅಪ್ಪ ಎದ್ದು ಟೀವಿಯ ಸದ್ದು ಜೋರು ಮಾಡಿದ.